ನಡುವಿಗೆ ಬೀಳದ ಐದು ಗುಂಡು

ಅಲ್ ಮುಂತಜಾ

ದೋಹಾಕ್ಕೆ ಹೋಗಿ ಬಂದವರೆಲ್ಲ ಮುಗಿಲೆತ್ತರದ ಕಟ್ಟಡ, ಚಿನ್ನದಂಗಡಿ, ಮ್ಯೂಸಿಯಂ ಅಂತ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಒಂದು ಐಸ್ ಪೆಟ್ಟಿಗೆಯ ಕತೆ ಹೇಳಬೇಕಾಗುತ್ತದೆ. ಅದರ ಮುಚ್ಚಳವನ್ನು ನಾನು ತೆರೆಯಬಾರದಿತ್ತು.

ನಾನು ಮುತ್ತಮ್ಮ. ಗೋಣಿಕೊಪ್ಪದ ಹತ್ತಿರದ ಒಂದು ಪೋಸ್ಟ್ ಆಫೀಸಿನಲ್ಲಿ ಕಾಗದ, ಪಾರ್ಸೆಲ್ ತೂಗಿ ತೂಗಿಯೇ ನಿವೃತ್ತಳಾದವಳು. ತಂಗಿ ಕಾವೇರಿ ದೋಹಾದ ಒಂದು ಕಂಪನಿಯಲ್ಲಿದ್ದಾಳೆ. "ಒಂದು ಸಲ ಬಾ ಅಕ್ಕ" ಎಂದು ವರ್ಷವೂ ಕರೆಯುತ್ತಿದ್ದವಳಿಗೆ ಕೊನೆಗೆ ಹೂಂ ಅಂದೆ. ಹೋದದ್ದು ಸೆಪ್ಟೆಂಬರಿನಲ್ಲಿ. ಅದೇ ಮೊದಲ ತಪ್ಪು. ನಮ್ಮ ಕೊಡಗಿನಲ್ಲಿ ಅದು ಕೈಲ್ ಪೊಳ್ದ್ ಹಬ್ಬದ ಕಾಲ. ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಹೆಂಗಸರ ವಿಭಾಗದಲ್ಲಿ ನಾಲ್ಕು ಸಲ ಬಹುಮಾನ ತಂದವಳು ನಾನು. ಅದನ್ನೆಲ್ಲ ಬಿಟ್ಟು ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ, ತಂಗಿಯ ಏಳನೇ ಮಹಡಿಯ ಮನೆಯಲ್ಲಿ ಎಸಿಯ ಕೆಳಗೆ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ನನ್ನ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

ಮೊದಲ ದಿನ ಕಟ್ಟಡದಿಂದ ಹೊರಗೆ ಕಾಲಿಟ್ಟ ಕೂಡಲೇ ಕಣ್ಣು ಮಂಜಾಯಿತು. ಏನೂ ಕಾಣಿಸದು. "ಕಾವೇರಿ, ನನಗೆ ಪೊರೆ ಬಂತು ಕಣೇ!" ಎಂದು ಬೀದಿಯಲ್ಲೇ ಕೂಗಿದೆ. ಅವಳು ನನ್ನ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಮೂಗಿನ ಮೇಲಿಟ್ಟಳು. ಎಸಿಯಲ್ಲಿ ತಣ್ಣಗಾದ ಗಾಜಿಗೆ ಹೊರಗಿನ ಸಮುದ್ರದ ಹಸಿಗಾಳಿ ತಗಲಿ ಬೆವರುತ್ತದಂತೆ. ಐದು ನಿಮಿಷದಲ್ಲಿ ತಾನಾಗಿ ಹೋಗುತ್ತದಂತೆ. ಈ ಪಾಠ ನನ್ನ ತಲೆಯಲ್ಲಿ ನಿಂತಿದ್ದರೆ ಮುಂದಿನದ್ದೊಂದೂ ಆಗುತ್ತಿರಲಿಲ್ಲ.

ಹಮೀದ್ ಬಂದದ್ದು ಆ ವಾರವೇ. ಉಪ್ಪಿನಂಗಡಿ ಕಡೆಯವರು, ನಲವತ್ತು ದಾಟಿದವರು. ಕಾವೇರಿಯ ಆಫೀಸಿನ ಬಸ್ಸನ್ನು ಎಂಟು ವರ್ಷ ಓಡಿಸಿದ್ದರಿಂದ ಮನೆಯವರಂತೆಯೇ ಆಗಿಬಿಟ್ಟಿದ್ದಾರೆ. ಅಲ್ ಮನ್ಸೂರಾದಲ್ಲಿ ಐದು ಜನರ ಜೊತೆ ಒಂದು ರೂಮಿನಲ್ಲಿ ವಾಸ. ಅಕ್ಕಿ ರೊಟ್ಟಿ ಮಾಡಿದ ದಿನ ತಂಗಿ ಫೋನ್ ಮಾಡಿದರೆ ಬರುತ್ತಾರೆ.

"ಅಕ್ಕ, ನೀವು ತೆಂಗಿನಕಾಯಿಗೆ ಗುಂಡು ಹೊಡೀತೀರಂತೆ, ಹೌದಾ?"

"ಹೊಡೀತೀನಿ. ಯಾಕೆ, ನಂಬಿಕೆ ಇಲ್ವಾ?"

"ಅಯ್ಯೋ, ಹಾಗಲ್ಲ ಮಾರಾಯ್ರೆ! ನನ್ನ ಈಗಿನ ಕೆಲಸ ಎಂತದ್ದು ಅಂತ ಇಲ್ಲಿ ಯಾರಿಗೆ ಹೇಳಿದ್ರೂ ಅರ್ಥ ಆಗುದಿಲ್ಲ. ನಿಮಗೆ ಆದ್ರೂ ಆಗ್ಬಹುದು."

ಕೆಲಸ ಹೀಗೆ. ಊರಾಚೆ ಒಂದು ಖಾಸಗಿ ಶೂಟಿಂಗ್ ಕ್ಲಬ್ಬು. ಅದರ ಯಜಮಾನರಿಗೆ ಬಹಳ ದೂರಕ್ಕೆ ಗುರಿಯಿಟ್ಟು ಹೊಡೆಯುವ ಹುಚ್ಚು. ಕಾರ್ಖಾನೆಯಿಂದ ಬರುವ ಕೋವಿಯ ತೋಟಾ ಅವರಿಗೆ ಸಾಲದು. ಲೈಸೆನ್ಸ್ ಇರುವ ಒಂದು ಕೋಣೆಯಲ್ಲಿ ಒಂದೊಂದು ತೋಟಾವನ್ನೂ ಕೈಯಲ್ಲೇ, ಮದ್ದು ತೂಗಿ ತುಂಬಿಸುತ್ತಾರೆ. ಮೊದಲಿದ್ದ ತಜ್ಞ ಬಿಟ್ಟುಹೋದ ಮೇಲೆ, ಆತನಿಗೆ ಸಹಾಯಕ್ಕಿದ್ದ ಹಮೀದ್ ಆರು ತಿಂಗಳಿನಿಂದ ಆ ಕೋಣೆ ನೋಡಿಕೊಳ್ಳುತ್ತಿದ್ದರು. ಬರುವ ಶನಿವಾರ ಅವರು ತುಂಬಿದ ತೋಟಾಗಳ ಪರೀಕ್ಷೆ.

"ಪಾಸಾದ್ರೆ ಕೆಲಸ ಪರ್ಮನೆಂಟ್. ಹುದ್ದೆ ಬದಲಾದ್ರೆ ಫ್ಯಾಮಿಲಿ ವೀಸಾ ಸಿಗ್ತದೆ. ಹೆಂಡತಿ, ಮಗಳನ್ನು ಕರ್ಕೊಂಡು ಬರ್ಬಹುದು. ಮಗಳಿಗೆ ಈಗ ಒಂಬತ್ತು ವರ್ಷ ಅಕ್ಕ. ನಾನು ಅವಳ ಜೊತೆ ಇದ್ದದ್ದು ಎಲ್ಲ ಸೇರಿಸಿದ್ರೆ ಹತ್ತು ತಿಂಗಳು."

"ಫೇಲಾದ್ರೆ?"

"ಮತ್ತೆ ಡ್ರೈವರ್ ಕೆಲಸ, ಅಲ್ ಖೋರ್ ರೂಟಿನ ಬಸ್ಸು," ಎಂದು ಹಮೀದ್ ರೊಟ್ಟಿ ಮುರಿದರು.

ಹಾರ್ನ್ ಹೊಡೆದು ಕುಡಿದ ಚಹಾ

ಪರೀಕ್ಷೆ ನೋಡಲು ನಾನೂ ಬರುತ್ತೇನೆಂದೆ. ಶನಿವಾರ ಬೆಳಗಾಗುವಾಗಲೇ ಇಬ್ಬರೂ ಹೊರಟೆವು. ದಾರಿಯಲ್ಲಿ ಹಮೀದ್ ಒಂದು ಪುಟ್ಟ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ಯಾರು ಅಡ್ಡ ಬಂದರೆಂದು ನಾನು ಇಣುಕಿದೆ. ಯಾರೂ ಇರಲಿಲ್ಲ. ಅಂಗಡಿಯವನು ಓಡಿಬಂದು ಕಿಟಕಿಯಲ್ಲಿ ಬಗ್ಗಿದ. ಎರಡು ಕರಕ್ ಚಹಾ ಕಾರಿಗೇ ಬಂತು. ಗೋಣಿಕೊಪ್ಪದಲ್ಲಿ ಹೋಟೆಲಿನ ಮುಂದೆ ಹೀಗೆ ಹಾರ್ನ್ ಹೊಡೆದರೆ, "ಏನು, ಕಾಲು ಮುರಿದಿದೆಯಾ?" ಎಂದು ಒಳಗಿನಿಂದಲೇ ಕೇಳುತ್ತಾರೆ. ನನಗೆ ನಾಚಿಕೆಯಾಗಿ, ಇಳಿದು ಹೋಗಿ ಗ್ಲಾಸು ವಾಪಸು ಕೊಟ್ಟೆ. ಅದು ಕಾಗದದ ಲೋಟ. ಅಂಗಡಿಯವನು ಅದನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ. ಚಹಾದಲ್ಲಿ ತಪ್ಪಿತ್ತೇನೋ ಎಂದುಕೊಂಡನಂತೆ. ಇನ್ನೊಂದು ಲೋಟ ತಂದುಕೊಟ್ಟ. ಅದನ್ನೂ ಕುಡಿದೆ.

ಆ ಅರ್ಧ ಗಂಟೆಯಲ್ಲಿ ಹಮೀದ್ ಅಂಗಡಿಯವನ ಜೊತೆ ಮಲಯಾಳ, ಫೋನಿನಲ್ಲಿ ಹೆಂಡತಿಯ ಜೊತೆ ಬ್ಯಾರಿ, ಕ್ಲಬ್ಬಿನ ಗೇಟಿನವನ ಜೊತೆ ಹಿಂದಿ, ನನ್ನ ಜೊತೆ ಕನ್ನಡ ಮಾತಾಡಿದರು. ಯಾವ ಮಾತು ನನಗೆ, ಯಾವುದು ಬೇರೆಯವರಿಗೆ ಎಂದು ತಿಳಿಯದೆ ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಗಾಜಿನ ಕೋಣೆ

ಕ್ಲಬ್ಬಿನ ಯಜಮಾನರನ್ನು ಎಲ್ಲರೂ ಅಬು ನಾಸಿರ್ ಎನ್ನುತ್ತಾರೆ, ಅಂದರೆ ನಾಸಿರನ ಅಪ್ಪ. ಎತ್ತರದ ಆಳು, ಬಿಳಿ ನಿಲುವಂಗಿ. ನಾನು ಕೈ ಚಾಚಿದೆ. ಅವರು ಕೈ ಕೊಡದೆ ತಮ್ಮ ಎದೆಯ ಮೇಲೆ ಅಂಗೈ ಇಟ್ಟು ತಲೆ ಬಗ್ಗಿಸಿದರು. ಎದೆನೋವೋ ಏನೋ ಎಂದು ಗಾಬರಿಯಾಗಿ ನಾನು "ಸಿಟ್, ಸಿಟ್, ಪ್ಲೀಸ್" ಎಂದೆ. ಅವರು ಪಾಪ, ಕೂತರು. ನಾನೂ ಕೂತೆ. ಹೆಂಗಸರಿಗೆ ಅಲ್ಲಿ ಹಾಗೆ ನಮಸ್ಕಾರ ಎಂದು ಹಮೀದ್ ಹೇಳುವಷ್ಟರಲ್ಲಿ ಕಾಫಿಯೂ ಬಂದಿತ್ತು.

ಅದನ್ನು ಕಾಫಿ ಎಂದು ಅವರೇ ಹೇಳಿದರು. ಹಳದಿ ಬಣ್ಣ, ಏಲಕ್ಕಿಯ ಪರಿಮಳ, ಹಾಲಿಲ್ಲ, ಸಕ್ಕರೆಯಿಲ್ಲ. ಹುಟ್ಟಿದಂದಿನಿಂದ ಕಾಫಿಯ ನಡುವೆ ಬೆಳೆದವಳು ನಾನು. ಕಷಾಯ ಎಂದಿದ್ದರೆ ಸಂತೋಷದಿಂದ ಕುಡಿಯುತ್ತಿದ್ದೆ.

ತೋಟಾ ತುಂಬುವ ಕೋಣೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಗಾಜಿನಾಚೆ ನಿಂತು ನೋಡಿದೆ. ಒಂದು ಪುಟ್ಟ ತಕ್ಕಡಿಯಿತ್ತು, ಸುತ್ತ ಗಾಜಿನ ಗೂಡು. ಹಮೀದ್ ಅದನ್ನು ತೋರಿಸಲೆಂದು ಒಳಗೆ ಹೋಗಿ, ಎಸಿ ನಿಲ್ಲಿಸಿ, ಎಳ್ಳು ಕಾಳಿನಂಥದ್ದೊಂದನ್ನು ತಟ್ಟೆಗೆ ಹಾಕಿದರು. ಅಂಕಿ ಬದಲಾಯಿತು. ಉಸಿರು ಬಿಟ್ಟರು. ಮತ್ತೆ ಬದಲಾಯಿತು. ಎಸಿಯ ಗಾಳಿಗೂ ಅದು ಹೊಯ್ದಾಡುತ್ತದಂತೆ, ಅದಕ್ಕೇ ತೂಗುವಾಗೆಲ್ಲ ಆ ಸೆಕೆಯಲ್ಲಿ ಎಸಿ ಬಂದ್. ಪೋಸ್ಟ್ ಆಫೀಸಿನಲ್ಲಿ ನನ್ನ ತಕ್ಕಡಿಯ ಮೇಲೆ ಒಮ್ಮೆ ಬೆಕ್ಕು ಮಲಗಿತ್ತು, ಅಂಕಿಯಲ್ಲಿ ಅಂಥ ದೊಡ್ಡ ಬದಲಾವಣೆಯೇನೂ ಆಗಿರಲಿಲ್ಲ.

"ಇಷ್ಟು ಸೂಕ್ಷ್ಮ ಯಾಕೆ? ಒಂದು ಚಿಟಿಕೆ ಹೆಚ್ಚುಕಮ್ಮಿ ಆದ್ರೆ ಗುಂಡು ಹೋಗಲ್ವಾ?"

"ಹೋಗ್ತದೆ ಅಕ್ಕ. ಆದ್ರೆ ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಗ್ಲಿಕ್ಕಿಲ್ಲ."

ಆ ದಿನಕ್ಕೆ ಎರಡು ಡಬ್ಬಿ ತಯಾರಿದ್ದವು. ಕೆಂಪು ಮುಚ್ಚಳದ್ದು ಹಳೆಯ ತಜ್ಞನ ಲೆಕ್ಕದಂತೆ ತುಂಬಿದ್ದು. ಹಸಿರು ಮುಚ್ಚಳದ್ದು ಹಮೀದ್ ತಾವೇ ತಿಂಗಳುಗಟ್ಟಲೆ ನೋಡಿ ಹೊಂದಿಸಿದ್ದು. ಎರಡನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟು, ಮಗುವನ್ನು ಎತ್ತುವಂತೆ ಎತ್ತಿಕೊಂಡು ಜೀಪಿಗೆ ತಂದರು.

ಚಪ್ಪರದ ಕೆಳಗೆ

ಗುಂಡು ಹೊಡೆಯುವ ಜಾಗವೆಂದರೆ ಒಂದು ತಗಡಿನ ಚಪ್ಪರ, ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ, ಮುಂದೆ ಬರೀ ಮರಳು. ಮರವಿಲ್ಲ. ತೆಂಗಿನಕಾಯಿ ಎಲ್ಲಿ ಕಟ್ಟುತ್ತಾರೆಂದು ನಾನು ನಿಜವಾಗಿಯೂ ಹುಡುಕಿದೆ. ಗುರಿ ಆರುನೂರು ಮೀಟರ್ ದೂರದಲ್ಲಿದೆ ಎಂದರು. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ. ಚಪ್ಪರದಲ್ಲಿ ಒಂದು ಟಿವಿ ಇತ್ತು, ಗುರಿಯ ಹಾಳೆ ಅದರಲ್ಲಿ ಕಾಣುತ್ತದಂತೆ. ಕೋವಿ ಒಂದು ಕಡೆ ತೋರಿಸಿ ಎಲ್ಲರೂ ಇನ್ನೊಂದು ಕಡೆ ಟಿವಿ ನೋಡುವ ಆಟ ನಾನು ಅದುವರೆಗೆ ಕಂಡಿರಲಿಲ್ಲ.

ಹಮೀದ್ ಗುರಿಗೆ ಹೊಸ ಹಾಳೆ ಅಂಟಿಸಲು ಜೀಪಿನಲ್ಲಿ ಹೊರಟರು. ಅಬು ನಾಸಿರ್ ದೂರದಲ್ಲಿ ಫೋನಿನಲ್ಲಿದ್ದರು.

"ಅಕ್ಕ, ಪೆಟ್ಟಿಗೆ ಸ್ವಲ್ಪ ನೋಡ್ಕೊಳ್ಳಿ, ಈಗ ಬಂದೆ."

ನೋಡಿಕೊಳ್ಳಿ ಎಂದರೆ ನಾನು ಸುಮ್ಮನೆ ನೋಡುತ್ತ ಕೂರುವವಳಲ್ಲ. ಮುಚ್ಚಳ ತೆರೆದೆ. ಹಸಿರು ಡಬ್ಬಿಯನ್ನೂ ತೆರೆದೆ. ಹತ್ತು ತೋಟಾ, ಹಿತ್ತಾಳೆಯ ದೀಪದಂತೆ ಫಳಫಳ. ನೋಡುತ್ತಿದ್ದಂತೆಯೇ ಒಂದೊಂದರ ಮೇಲೂ ನೀರು ಒಡೆಯತೊಡಗಿತು. ಮೊದಲು ಮಂಜಿನಂತೆ, ಆಮೇಲೆ ಹನಿ ಹನಿ.

ತೋಟಾಕ್ಕೆ ಪಸೆ! ಕೊಡಗಿನಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಮಳೆಗಾಲದಲ್ಲಿ ತೋಟಾ ಪಸೆ ಹಿಡಿದರೆ ಕೋವಿ ಠುಸ್ ಎನ್ನುತ್ತದೆ. ಅದಕ್ಕೇ ಕೈಲ್ ಪೊಳ್ದ್‌ಗೆ ಮೊದಲು, ಕಕ್ಕಡ ತಿಂಗಳ ಮಳೆ ಬಿಟ್ಟು ಎಳೆಬಿಸಿಲು ಬಂದ ದಿನ, ನಮ್ಮಮ್ಮ ತೋಟಾಗಳನ್ನೆಲ್ಲ ಚಾಪೆಯ ಮೇಲೆ ಹರಡುತ್ತಿದ್ದಳು. ಹಪ್ಪಳ ಒಂದು ಕಡೆ, ತೋಟಾ ಒಂದು ಕಡೆ. ಕಾಗೆ ಓಡಿಸಲು ನಾನು.

ಪಾಪ, ಈ ಮನುಷ್ಯನ ಹೆಂಡತಿ ಮಕ್ಕಳ ಭವಿಷ್ಯ ಒದ್ದೆಯಾಗುತ್ತಿದೆ! ಕುರ್ಚಿಯ ಮೇಲಿದ್ದ ಬಿಳಿ ಟವೆಲ್ ತಂದು, ಕಟ್ಟೆಯ ಮೇಲೆ ಬಿಸಿಲು ಚೆನ್ನಾಗಿ ಬೀಳುವ ಕಡೆ ಹಾಸಿ, ಹತ್ತನ್ನೂ ಒರೆಸಿ ಸಾಲಾಗಿ ಮಲಗಿಸಿದೆ. ನಡುವೆ ಒಮ್ಮೆ ಮಗ್ಗುಲು ಬದಲಿಸಿದೆ. ಕಟ್ಟೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು, ಒಳ್ಳೆಯದೇ ಆಯಿತು ಎಂದುಕೊಂಡೆ. ಜೀಪು ವಾಪಸು ಬರುವುದು ಕಂಡಾಗ ಎಲ್ಲವನ್ನೂ ಡಬ್ಬಿಗೆ ತುಂಬಿ ಪೆಟ್ಟಿಗೆ ಮುಚ್ಚಿದೆ. ಹಮೀದ್‌ಗೆ ಹೇಳಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಆರುನೂರು ಮೀಟರ್

ಎಲ್ಲರ ಕಿವಿಗೂ ದಪ್ಪ ಮುಚ್ಚಳ ಹಾಕಿದರು. ಆಮೇಲೆ ಯಾರು ಏನು ಹೇಳಿದರೂ ನನಗೆ ಮೀನು ಬಾಯಿ ತೆರೆದಂತೆಯೇ ಕಂಡಿತು.

ಅಬು ನಾಸಿರ್ ಹೊಟ್ಟೆಯ ಮೇಲೆ ಮಲಗಿ ಮೊದಲು ಕೆಂಪು ಡಬ್ಬಿಯ ಐದು ಹೊಡೆದರು. ಟಿವಿಯಲ್ಲಿ ನೋಡಿದರೆ ಒಂದೂ ನಡುವಿನ ಕಪ್ಪು ಚುಕ್ಕೆಯ ಹತ್ತಿರವಿಲ್ಲ! ಐದೂ ಕೆಳಗೆ ಎಡಗಡೆಗೆ, ಒಂದು ತಟ್ಟೆಯಗಲದೊಳಗೆ ಬಿದ್ದಿದ್ದವು. ನಮ್ಮಲ್ಲಾಗಿದ್ದರೆ ಇಡೀ ಊರು ಊಳಿಡುತ್ತಿತ್ತು. ಇವರು ತಲೆದೂಗಿದರು. ಅಬು ನಾಸಿರ್ ಹೆಬ್ಬೆರಳು ಎತ್ತಿದರು. ಕಣ್ಣಿನ ಡಾಕ್ಟರರನ್ನು ನೋಡಬೇಕಾದವಳು ನಾನೋ ಇವರೋ ಎಂದು ಅನುಮಾನವಾಯಿತು.

ಈಗ ಹಸಿರು. ಹಮೀದ್ ಡಬ್ಬಿ ಮುಂದಿಟ್ಟು ಹಿಂದೆ ಸರಿದು ನಿಂತರು. ತುಟಿ ಅಲುಗುತ್ತಿತ್ತು, ಪ್ರಾರ್ಥನೆ ಇರಬೇಕು.

ಮೊದಲ ಗುಂಡು ಕೆಂಪಿನವಕ್ಕಿಂತ ಒಂದು ಗೇಣು ಮೇಲೆ ಬಿತ್ತು. ಎರಡನೆಯದು ಇನ್ನೂ ಮೇಲೆ. ಮೂರನೆಯದು, ಸ್ವಾಮೀ, ಕಪ್ಪು ಚುಕ್ಕೆಯ ಹೊಟ್ಟೆಗೇ! ನಾನು ಕುರ್ಚಿಯಿಂದ ಎದ್ದು ಕುಣಿದುಬಿಟ್ಟೆ. "ಭಲೇ! ಭಲೇ!" ಎಂದು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಯಾರೂ ಕುಣಿಯಲಿಲ್ಲ. ಅಬು ನಾಸಿರ್ ಖಾಲಿ ತೋಟಾ ಹೊರತೆಗೆಯಲು ಕೋವಿಯ ಹಿಡಿಯನ್ನು ಅಂಗೈಯಿಂದ ಗುದ್ದಬೇಕಾಯಿತು. ಗುದ್ದಿ ತೆಗೆದರು, ನೋಡಿದರು, ಕೋವಿ ಕೆಳಗಿಟ್ಟು ಎದ್ದರು.

"ಖಲಾಸ್," ಎಂದರು. ಕಿವಿಮುಚ್ಚಳ ತೆಗೆದಿದ್ದ ನನಗೆ ಅದು ಕೇಳಿಸಿತು. ಹಮೀದ್‌ರ ಮುಖದಲ್ಲಿ ರಕ್ತವಿರಲಿಲ್ಲ.

"ಏನಾಯ್ತು? ನಡುವಿಗೇ ಬಿತ್ತಲ್ಲ!"

"ಅಕ್ಕ, ನಡು ಯಾರಿಗೆ ಬೇಕು?" ಎಂದರು. "ನಡುವಿಗೆ ತರ್ಲಿಕ್ಕೆ ದುರ್ಬೀನಿನ ಒಂದು ತಿರುಪು ತಿರುಗಿಸಿದ್ರೆ ಆಯ್ತು, ಒಂದು ನಿಮಿಷದ ಕೆಲಸ. ತೋಟಾ ಒಳ್ಳೇದಾ ಅಂತ ನೋಡುದು ಐದೂ ಒಟ್ಟಿಗೆ ಬೀಳ್ತದಾ ಅಂತ. ಇದು ಏಣಿ ಹತ್ತಿದ ಹಾಗೆ ಹತ್ತಿದೆ. ಖಾಲಿ ತೋಟಾ ಒಳಗೆ ಕಚ್ಚಿಕೊಂಡಿತ್ತಲ್ಲ, ಮದ್ದು ಜಾಸ್ತಿಯಾಗಿದೆ ಅಂತ ಹೇಳ್ತಿದ್ದಾರೆ. ಕೋವಿ ಒಡೆದು ಮುಖಕ್ಕೆ ಬರ್ತಿತ್ತಂತೆ. ನಾನು ಒಂದೊಂದೂ ಎರಡೆರಡು ಸಲ ತೂಗಿದ್ದೇನೆ ಅಕ್ಕ. ಅಲ್ಲಾನಾಣೆ ತೂಗಿದ್ದೇನೆ."

ಹಾಗೆನ್ನುತ್ತ ಡಬ್ಬಿಯಿಂದ ಒಂದು ತೋಟಾ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಅದನ್ನು ಕೆನ್ನೆಗೆ ಒತ್ತಿ ನೋಡಿದರು.

"ಇದು ಬಿಸಿ ಉಂಟಲ್ಲ!"

ಅವರ ಕಣ್ಣು ಐಸ್ ಪೆಟ್ಟಿಗೆಗೆ ಹೋಯಿತು, ಅಲ್ಲಿಂದ ಕಟ್ಟೆಗೆ. ಬಿಳಿ ಟವೆಲ್ ಇನ್ನೂ ಅಲ್ಲೇ ಬಿಸಿಲಿನಲ್ಲಿ ಹರಡಿಕೊಂಡಿತ್ತು. ಅಲ್ಲಿಂದ ನನ್ನ ಮೇಲೆ ಬಂತು.

ಹಮೀದ್ ಅಬು ನಾಸಿರ್ ಕಡೆ ತಿರುಗಿ, ಎದೆ ಮುಟ್ಟಿಕೊಂಡು ಅರಬ್ಬಿಯಲ್ಲಿ ಏನೋ ಹೇಳಿದರು. ಅಬು ನಾಸಿರ್ ಬೇಸರದಿಂದ ತಲೆಯಾಡಿಸಿದರು.

"ಏನು ಹೇಳಿದ್ರಿ ಅವರಿಗೆ?"

"ಡಬ್ಬಿ ನಾನೇ ಮರೆತು ಬಿಸಿಲಲ್ಲಿ ಇಟ್ಟೆ ಅಂತ. ಬಿಸಿಯಾದ್ರೆ ಮದ್ದಿನ ಜೋರು ಏರ್ತದೆ, ಗುಂಡೂ ಏರ್ತದೆ. ಅದಕ್ಕೇ ಐಸ್ ಪೆಟ್ಟಿಗೆ. ನೀವು ಸುಮ್ನಿರಿ ಅಕ್ಕ. ನೀವು ಗೆಸ್ಟ್."

"ಮತ್ತೆ ನಿಮ್ಮ ಕೆಲಸ?"

"ಬಸ್ಸು ಉಂಟಲ್ಲ."

ನನಗೆ ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ತೋಟಾವನ್ನೂ ಕನ್ನಡಕವನ್ನೂ ಬೆವರಿಸುವ ಆ ಹಾಳು ಗಾಳಿಯ ಮೇಲೆ. "ಥೂ, ಇಂಥ ಮರ್ಯಾದೆ ಯಾರಿಗೆ ಬೇಕ್ರೀ!" ಎಂದು ನೇರ ಅಬು ನಾಸಿರ್ ಎದುರು ಹೋಗಿ ನಿಂತೆ. ಪೋಸ್ಟ್ ಆಫೀಸಿನ ಇಂಗ್ಲಿಷು, ಆದರೆ ನಿಜ ಹೇಳಲು ಸಾಕಾಯಿತು. ಡಬ್ಬಿ ತೆರೆದವಳು ನಾನು, ಒರೆಸಿದವಳು ನಾನು, ಒಣಗಿಸಿದವಳು ನಾನು, ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದೆ. ಟವೆಲ್ ತಂದು ತೋರಿಸಿದೆ. ಹತ್ತು ತೋಟಾಗಳ ಗುರುತು ಸಾಲಾಗಿ ಅದರಲ್ಲಿತ್ತು.

ಅಬು ನಾಸಿರ್ ಟವೆಲ್ಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಒಣಗಿಸಿದಿರಾ? ಯಾಕೆ?"

"ನಮ್ಮೂರಲ್ಲಿ ಮಳೆ. ನಾಲ್ಕು ತಿಂಗಳು. ತೋಟಾ ಒದ್ದೆಯಾಗುತ್ತೆ."

"ನಾಲ್ಕು ತಿಂಗಳೂ ಮಳೆಯೇ?"

"ಹೌದು."

"ದಿನಾ?"

"ದಿನಾ."

ಇಷ್ಟು ಹೊತ್ತು ನನಗಿದ್ದ ಗೊಂದಲ ಈಗ ಅವರ ಮುಖದಲ್ಲಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಹೆಂಚಿನಂತೆ ಕಾದ ಆ ಮರಳನ್ನು ನೋಡಿದರು, ನನ್ನನ್ನು ನೋಡಿದರು. ಬಿಸಿಲನ್ನು ಹುಡುಕಿಕೊಂಡು ಹೋಗಿ ಅದರಲ್ಲಿ ವಸ್ತುವೊಂದನ್ನು ಇಡುವ ಮನುಷ್ಯರೂ ಲೋಕದಲ್ಲಿದ್ದಾರೆಂದು ಅವರಿಗೆ ಆಗಲೇ ಗೊತ್ತಾದದ್ದಿರಬೇಕು.

ಮತ್ತೆ ಗಾಜಿನ ಕೋಣೆ

ಬಿಸಿಲು ಕಂಡ ಏಳು ತೋಟಾಗಳನ್ನು ಅಬು ನಾಸಿರ್ ಬೇರೆಯಿಟ್ಟು ಬೀಗ ಹಾಕಿಸಿದರು. ಹೊಸದಾಗಿ ಐದು ತುಂಬು, ನನ್ನ ಕಣ್ಣೆದುರಿಗೇ ತುಂಬು ಎಂದರಂತೆ. ನಾನು ಗಾಜಿನಾಚೆ. ಒಳಗೆ ಎಸಿ ಬಂದ್. ಅಬು ನಾಸಿರ್ ಕೈಕಟ್ಟಿ ಹಿಂದೆ ನಿಂತಿದ್ದರು.

ಹಮೀದ್ ಮೊದಲನೆಯದು ತೂಗಿದರು, ತಲೆಯಾಡಿಸಿದರು, ವಾಪಸು ಸುರಿದರು. ಮತ್ತೆ ತೂಗಿದರು, ಮತ್ತೆ ಸುರಿದರು. ಬೆವರು ಗಲ್ಲದಿಂದ ತೊಟ್ಟಿಕ್ಕುವಂತಾದಾಗ ತಕ್ಕಡಿಯಿಂದ ಮುಖ ತಿರುಗಿಸಿ ತೋಳಿನಲ್ಲಿ ಒರೆಸಿಕೊಂಡರು. ಅಷ್ಟು ಸಣ್ಣ ಕೆಲಸವನ್ನು ಅಷ್ಟು ಹೆದರಿಕೆಯಿಂದ ಯಾರಾದರೂ ಮಾಡುವುದನ್ನು ನಾನು ನೋಡಿರಲಿಲ್ಲ. ಗಾಜಿನ ಈಚೆಗಿದ್ದರೂ ನಾನು ಉಸಿರು ಬಿಗಿಹಿಡಿದಿದ್ದೆ, ತಕ್ಕಡಿ ಹೊಯ್ದಾಡೀತೆಂದು. ಇಗ್ಗುತಪ್ಪನಿಗೆ ಹರಕೆಯನ್ನೂ ಹೇಳಿಕೊಂಡೆ.

ಚಪ್ಪರಕ್ಕೆ ಹೋಗುವಾಗ ಪೆಟ್ಟಿಗೆ ಹಮೀದ್‌ರ ತೊಡೆಯ ಮೇಲಿತ್ತು. ನನ್ನನ್ನು ಜೀಪಿನ ಇನ್ನೊಂದು ತುದಿಯಲ್ಲಿ ಕೂರಿಸಿದರು.

ಐದು ಗುಂಡು. ಹೊಸದಾಗಿ ಅಂಟಿಸಿದ ಹಾಳೆಯಲ್ಲಿ ಒಂದು ತೂತು ಟಿವಿಯಲ್ಲಿ ಕಂಡಿತು, ಕೆಳಗೆ ಎಡಕ್ಕೆ. ಎರಡನೆಯದು ಅದರ ಪಕ್ಕಕ್ಕೇ. ಮೂರು, ನಾಲ್ಕು. ಐದನೆಯದು ಎಲ್ಲಿ ಹೋಯಿತೋ ಹುಡುಕಬೇಕಾಯಿತು. ಹಳೆಯ ತೂತಿನ ಅಂಚಿಗೇ ಹೊಕ್ಕಿತ್ತು. ಐದನ್ನೂ ನನ್ನ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ನಡುವಿನ ಚುಕ್ಕೆ ಮುಟ್ಟದೆ ಹಾಗೇ ಉಳಿದಿತ್ತು.

ಈ ಸಲ ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗದೆ ಎರಡೂ ಕೈ ಗಾಳಿಯಲ್ಲಿ ಹಿಡಿದು ಹಮೀದ್‌ರನ್ನೇ ನೋಡಿದೆ. ಅವರು ನಿಧಾನವಾಗಿ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಮೊದಲು ಚಪ್ಪಾಳೆ ತಟ್ಟಿದವರು ಅಬು ನಾಸಿರ್.

ಮಾರನೆಯ ವಾರ ಹಮೀದ್ ಒಂದು ಫೋಟೋ ಕಳಿಸಿದರು. ಗಾಜಿನ ಕೋಣೆಯ ಬಾಗಿಲಿಗೆ ಹೊಸ ಫಲಕ ಹಾಕಿದ್ದರು, ಅರಬ್ಬಿ, ಇಂಗ್ಲಿಷ್ ಎರಡರಲ್ಲೂ. ಕೋಣೆಯ ಇನ್‌ಚಾರ್ಜ್ ಹಮೀದ್. ಅವರ ಹೊರತು ಯಾರೂ ತೋಟಾದ ಪೆಟ್ಟಿಗೆ ತೆರೆಯತಕ್ಕದ್ದಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಅತಿಥಿಗಳು ಏನನ್ನೂ ಒಣಗಿಸಬಾರದು.

ಗೋಣಿಕೊಪ್ಪ

ಆ ಗುರಿಯ ಹಾಳೆಯನ್ನು ಅಬು ನಾಸಿರ್ ನನಗೇ ಕೊಟ್ಟರು. ಸುರುಳಿ ಸುತ್ತಿ ತಂದು, ಕಟ್ಟು ಹಾಕಿಸಿ, ನನ್ನ ನಾಲ್ಕು ಬಹುಮಾನಗಳ ಪಕ್ಕದಲ್ಲಿ ತೂಗುಹಾಕಿದ್ದೇನೆ.

ಮೊನ್ನೆ ಅಣ್ಣ ಬಂದವನು ಕಾಫಿ ಹಿಡಿದುಕೊಂಡು ಅದರ ಮುಂದೆ ನಿಂತ. ಕೋವಿಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದೇ ಇಲ್ಲ ಎಂದುಕೊಂಡವನು.

"ಯಾರು ಹೊಡೆದದ್ದು ಇದು? ಒಂದೂ ನಡುವಿಗೆ ಬಿದ್ದಿಲ್ಲವಲ್ಲ!"

"ಬಿದ್ದಿಲ್ಲ," ಎಂದೆ.

"ಮತ್ತೆ ಇದನ್ನು ಯಾಕೆ ಕಟ್ಟು ಹಾಕಿಸಿದೆ?"

"ನಡುವಿಗೆ ಬಿದ್ದಾಗ ಒಬ್ಬನ ಕೆಲಸ ಹೋಗುವುದರಲ್ಲಿತ್ತು. ಐದೂ ಇಲ್ಲಿ ಒಟ್ಟಿಗೆ ಬಿದ್ದವು ನೋಡು, ಅವನ ಹೆಂಡತಿ, ಮಗಳು ಈಗ ದೋಹಾದಲ್ಲಿದ್ದಾರೆ."

ಅಣ್ಣ ಹಾಳೆಯನ್ನು ನೋಡಿದ, ನನ್ನನ್ನು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಳೆಯನ್ನು ನೋಡಿದ.